ಬೋರ್ಡು ಒರೆಸುವ ಬಟ್ಟೆ

ಮಗಳ ಸರ್ಕಾರಿ ಶಾಲೆಯಲ್ಲಿ ಹುಡುಗಿಯರಿಗೆ ಪುಕ್ಕಟೆ ಪ್ಯಾಡ್ ಕೊಡುತ್ತಾರೆ. ಅವಳ ಬ್ಯಾಗಿನಲ್ಲಿ ಆ ಪ್ಯಾಕೆಟ್ ಕಂಡಾಗಲೆಲ್ಲ ನನ್ನ ಮೂಗಿಗೆ ಸೀಮೆಸುಣ್ಣದ ವಾಸನೆ ಅಡರುತ್ತದೆ.

ಭದ್ರಾವತಿಯಲ್ಲಿ ನಾನಾಗ ಏಳನೇ ಕ್ಲಾಸು. ಒಂದು ಮಧ್ಯಾಹ್ನ ಪಕ್ಕದಲ್ಲಿ ಕೂರುತ್ತಿದ್ದ ಮಂಜುಳಾಗೆ ಮೊದಲ ಸಲ ಮುಟ್ಟಾಯಿತು. ಬೋರ್ಡು ಒರೆಸುವ ಬಟ್ಟೆಯನ್ನು ಮುದುರಿಕೊಂಡು ಶಾಲೆಯ ಹಿಂದಕ್ಕೆ ಓಡಿದಳು. ವಾಪಸು ಬಂದು, "ಯಾರಿಗೂ ಹೇಳ್ಬೇಡ ಮಾರಾಯ್ತಿ" ಅಂದಳು. ಅವಳ ನೀಲಿ ಲಂಗಕ್ಕೆಲ್ಲ ಬಿಳಿ ಪುಡಿ ಮೆತ್ತಿತ್ತು.

"ಬಟ್ಟೆ ಎಲ್ರೇ?" ಎಂದು ಗದರಿದ ಟೀಚರ್ ಕಣ್ಣಿಗೆ ಅವಳ ಲಂಗದ ಆ ಪುಡಿ ಬಿತ್ತು. ಸೆರಗಿನಿಂದ ಬೋರ್ಡು ಒರೆಸಿ ಪಾಠ ಮುಂದುವರಿಸಿದರು.

ಮರುವಾರ ಮಂಜುಳಾಳ ಅಮ್ಮ ಬಂದು, ಒಗೆದು ಮಡಿಸಿದ ಆ ಬಟ್ಟೆಯನ್ನು ಮೇಜಿನ ಮೇಲಿಟ್ಟರು.

"ದೊಡ್ಡೋಳಾದ್ಲಲ್ಲ ಟೀಚರ್, ಇನ್ನು ಸ್ಕೂಲಿಗೆ ಕಳ್ಸಲ್ಲ."

ಬಟ್ಟೆ ಆ ಮಡಿಕೆಯಲ್ಲೇ ಉಳಿಯಿತು. ವರ್ಷ ಪೂರ್ತಿ ಟೀಚರ್ ಸೆರಗಿನಲ್ಲೇ ಬೋರ್ಡು ಒರೆಸಿದರು.