ಅಕ್ಕನ ಕುರ್ಚಿಯ ಗಾಲಿ

ಹಳೆಯ ಮಂಚದ ಕಬ್ಬಿಣದ ಪೈಪಿಗೆ ನಾನೂರು, ವೆಲ್ಡಿಂಗಿಗೆ ಒಂಬೈನೂರು, ಗುಜರಿಯಲ್ಲಿ ಆರಿಸಿ ತಂದ ಎರಡು ಸೈಕಲ್ ಗಾಲಿಗೆ ಮುನ್ನೂರೈವತ್ತು. ಮುಂದಿನ ಗಾಲಿ, ಪೆಡಲು, ಚೈನು ಸ್ವಂತ ಸೈಕಲ್ಲಿನವು. ಒರಗಿ ಕೂರಲು ಕಾಲು ಮುರಿದ ಪ್ಲಾಸ್ಟಿಕ್ ಕುರ್ಚಿ, ಪುಕ್ಕಟೆ. ಹೀಗೆ ಸಾವಿರದ ಆರುನೂರೈವತ್ತು ರೂಪಾಯಿ ನುಂಗಿದ ಮೂರು ಗಾಲಿಯ ಗಾಡಿ ಗುಳೇದಗುಡ್ಡದ ಓಣಿಯಲ್ಲಿ ಇಪ್ಪತ್ತು ಹೆಜ್ಜೆ ಓಡಿ, ಮೊದಲ ತಿರುವಿನಲ್ಲೇ ಹಿಂದಿನ ಎರಡೂ ಗಾಲಿ ಅಗಲಿಸಿ ಕೂತುಬಿಟ್ಟಿತು.

ಗಾಡಿಯಲ್ಲಿ ಒರಗಿದ್ದ ಕಲ್ಲೇಶ ಪೆಡಲಿನ ಮೇಲಿನ ಕಾಲು ತೆಗೆಯದೆ ಆಕಾಶ ನೋಡುತ್ತ ಉಳಿದ. ಮೂವತ್ತು ವರ್ಷ ಕುಣಿ ಮಗ್ಗದ ಗುಂಡಿಯಲ್ಲಿ ಕಾಲಿಳಿಸಿ, ಬಾಗಿ ಕುಬಸದ ಖಣ ನೇಯ್ದು ಅವನ ಸೊಂಟ ಹೋಗಿತ್ತು. ಬಾಗುವುದು, ಹೊರಳಿ ನೋಡುವುದು ಎರಡೂ ಬೇಡ, ಒರಗಿ ಕೂತರೆ ಅಡ್ಡಿಯಿಲ್ಲ ಎಂದಿದ್ದರು ಡಾಕ್ಟರು. ಒರಗಿಕೊಂಡೇ ತುಳಿಯುವ ಗಾಡಿಯನ್ನು ಫೋನಿನಲ್ಲಿ ನೋಡಿದ ದಿನದಿಂದ ಅವನಿಗೆ ಒಂದೇ ಹಟ. ನೇಯ್ದ ಖಣವನ್ನಾದರೂ ಪೇಟೆಗೆ ತಾನೇ ಒಯ್ಯಬೇಕು, ನೂಲು ತಾನೇ ತರಬೇಕು. ಆರು ತಿಂಗಳಿಂದ ನೇಯುವವಳೂ ಹೆಂಡತಿ ರೋಹಿಣಿ, ಒಯ್ಯುವವಳೂ ರೋಹಿಣಿ. ಇವನು ಮನೆಯಲ್ಲಿ ಕೂತು ಸಾರಿಗೆ ಉಪ್ಪು ಎಷ್ಟು ಹಾಕಬೇಕೆಂದು ಹೇಳುತ್ತಿದ್ದ.

"ಲೇ ಕಲ್ಲ್ಯಾ, ಎಮ್ಮಿ ಮಲಗಿತಲ್ಲೋ," ಎಂದಳು ಬಾಗಿಲಲ್ಲಿ ಗಾಲಿಕುರ್ಚಿಯ ಮೇಲೆ ಕೂತಿದ್ದ ಬೋರವ್ವ. ಬೋರವ್ವ ಅವನಿಗೆ ಹುಟ್ಟಿನಿಂದ ಅಕ್ಕ, ಅವಳ ಮಗಳು ರೋಹಿಣಿಯನ್ನು ಲಗ್ನವಾದ ಮೇಲೆ ಅತ್ತೆ. ಹೀಗಾಗಿ ಅವನನ್ನು ಬೈಯಲು ಅವಳಿಗೆ ಎರಡು ಕಡೆಯಿಂದ ಹಕ್ಕಿತ್ತು.

"ಅಚ್ಚು ಬಾಗೇತಿ ಅಕ್ಕಾ."

"ಬಾಗದ ಏನ್ ಮಾಡೀತು? ಸೈಕಲ್ ಗಾಲಿಗೆ ಎರಡೂ ಬಗಲಿಗೆ ಹಿಡಕೊಳ್ಳಾಕ ಕಬ್ಬಿಣ ಇರ್ತೈತಿ. ನೀ ಒಂದ ಬಗಲಿಗೆ ಹಿಡಿಸೀದಿ. ಮಗ್ಗದಾಗ ಬಟ್ಟಿ ಸುತ್ತೋ ಕೋಲಿನ ಒಂದು ತುದಿ ಗಾಳ್ಯಾಗ ಬಿಟ್ಟು ಎಂದಾರ ನೇಯ್ದೀಯೇನು?"

"ಹೊರಗಿನ ಬಗಲಿಗೂ ಕಬ್ಬಿಣ ಹಾಕಿದ್ರ ಗಾಡಿ ಓಣ್ಯಾಗ ಹಿಡಿಯೂದಿಲ್ಲ."

"ಹಂಗಾರ ಒಂದ ಕೈಯಾಗ ನಿಲ್ಲೂ ಗಾಲಿ ಹುಡುಕು. ನನ್ನ ಯಾಕ ಕೇಳ್ತಿ?"

ಕಲ್ಲೇಶ ಎರಡು ದಿನ ಗುಜರಿ ಅಂಗಡಿಗಳನ್ನು ಸುತ್ತಿದ. ಮೊಪೆಡ್ಡಿನ ಗಾಲಿ ಗಟ್ಟಿ, ಆದರೆ ತುಳಿಯಲು ಎತ್ತೇ ಬೇಕು. ಕೂಸಿನ ಗಾಡಿಯ ಗಾಲಿ ಹಗುರ, ಆದರೆ ಓಣಿಯ ಕಲ್ಲು ಸಂದಿಯಲ್ಲಿ ಅಡಗಿಹೋಗುತ್ತದೆ. ಬರಿಗೈಯಲ್ಲಿ ಮನೆಗೆ ಬಂದು ಹೊಸ್ತಿಲು ದಾಟುವಾಗ ಅವನ ಕಣ್ಣು ಅಕ್ಕನ ಕುರ್ಚಿಯ ಮೇಲೆ ನಿಂತಿತು. ದೊಡ್ಡ ಎರಡು ಗಾಲಿ. ಹೆಬ್ಬೆರಳಿನಷ್ಟು ದಪ್ಪ ಅಚ್ಚು. ಗಾಲಿಯ ನಡುವಿನ ಹಬ್ಬಿನೊಳಗೆ ಬೇರಿಂಗು. ಒಳಬದಿಯಿಂದ ಮಾತ್ರ ಹಿಡಿತ, ಹೊರಗೆ ಏನೂ ಇಲ್ಲ. ಅದೂ ಹೊಚ್ಚ ಹೊಸದು. ಮೂರು ವರ್ಷದ ಹಿಂದೆ ತಂದ ಕುರ್ಚಿಯ ಮುಂದಿನ ಸಣ್ಣ ಗಾಲಿಗಳು ಮೊದಲ ದಿನವೇ ಕಲ್ಲು ಸಂದಿಗೆ ಸಿಕ್ಕಿಕೊಂಡವು. ಅಂದಿನಿಂದ ಕುರ್ಚಿಯೂ ಬೋರವ್ವನೂ ಬಾಗಿಲು ಬಿಟ್ಟು ಹೋಗಿರಲಿಲ್ಲ.

ಮರುದಿನ ಮುಂಜಾನೆ ಅವನು ಕುರ್ಚಿ ಒರೆಸಿ, ಗಾಲಿಗೆ ಎಣ್ಣೆ ಬಿಟ್ಟು, ಅಕ್ಕನಿಗೆ ಚಹಾ ತಂದುಕೊಟ್ಟ.

"ಮೂರು ವರ್ಷದಾಗ ಒಂದ್ ಹನಿ ಎಣ್ಣಿ ಬಿಡದಾಂವ," ಎಂದಳು ಬೋರವ್ವ, ಬಸಿಗೆ ಚಹಾ ಸುರುವಿಕೊಳ್ಳುತ್ತ. "ಗಾಲಿ ಬೇಕಂತ ಬಾಯಿ ಬಿಟ್ಟು ಕೇಳು. ಚಹಾ ಯಾಕ ಕೆಡಸ್ತಿ?"

"ಎರಡು ದಿನ ಅಷ್ಟ ಅಕ್ಕಾ. ನಡೀತೈತೋ ಇಲ್ಲೋ ನೋಡಿ ತಿರುಗಿ ಹಾಕ್ತೇನಿ."

"ತಿರುಗಿ ಹಾಕೂದು ಬ್ಯಾಡ. ಗಾಲಿ ತಗೊ. ಗಾಲಿ ನಡುವಿನ ಕುರ್ಚಿನೂ ತಗೊ. ಕುರ್ಚಿ ಮ್ಯಾಲಿನಾಕಿನ್ನೂ ತಗೊ."

ಕಲ್ಲೇಶ ರೋಹಿಣಿಯ ಮುಖ ನೋಡಿದ. ಮಗ್ಗದಲ್ಲಿದ್ದ ರೋಹಿಣಿ ಮುಖ ಎತ್ತಲಿಲ್ಲ. ನಗು ಕಾಣಬಾರದೆಂದೇ ಇರಬೇಕು.

ವೆಲ್ಡಿಂಗಿಗೆ ಮತ್ತೆ ಐನೂರು ಹೋಯಿತು. ಕುರ್ಚಿಯ ಸಣ್ಣ ಗಾಲಿ, ಗಾಡಿಯ ಹಿಂದಿನ ಗಾಲಿ ಎರಡೂ ಕಿತ್ತು, ಕುರ್ಚಿಯನ್ನು ದೊಡ್ಡ ಗಾಲಿಗಳ ಸಮೇತ ಗಾಡಿಯ ಹಿಂಬದಿಗೆ ಕೂಡಿಸಿದರು. ಇಬ್ಬರ ಬೆನ್ನಿಗೂ ಬೆನ್ನು. ಕಲ್ಲೇಶನ ಮುಖ ಪೇಟೆಯ ಕಡೆ, ಬೋರವ್ವನ ಮುಖ ಮನೆಯ ಕಡೆ. ಅವಳ ತೊಡೆಯ ಮೇಲೆ ಖಣದ ಗಂಟು, ಸೊಂಟದಲ್ಲಿ ಎಲೆ ಅಡಿಕೆಯ ಚಂಚಿ. ದೊಡ್ಡ ಗಾಲಿ ಸಂದಿಯನ್ನೆಲ್ಲ ದಾಟಿತು, ಅಚ್ಚು ಬಾಗಲಿಲ್ಲ. ಹೊರಳಿ ನೋಡಲಾಗದ ಕಲ್ಲೇಶನಿಗೆ ಅಕ್ಕನೇ ಕನ್ನಡಿ.

"ಹಿಂದ ಟ್ರ್ಯಾಕ್ಟರ್ ಬಂತು, ಬಗಲಿಗೆ ಹೊಡಿ... ಹೂಂ, ಹೋತು. ನಿಲ್ಲಸು, ನಿಲ್ಲಸು. ಅಲ್ಲಿ ನಿಂತಾಕಿ ಶಿವಬಸವ್ವ ಅಲ್ಲೇನು? ಸತ್ತಾಳಂತ ನೀನ ಹೇಳಿದ್ದೆಲ್ಲೋ?"

"ಅದು ಆಚಿ ಓಣಿ ಶಿವಬಸವ್ವ ಅಕ್ಕಾ."

"ಮೂರು ವರ್ಷ ಈಕಿಗೆ ಅತ್ತೇನಲ್ಲೋ ನಾ."

ಅಲ್ಲಿ ಅರ್ಧ ತಾಸು ಹೋಯಿತು. ಆಮೇಲೆ ಮಕ್ತುಮಬಿಯ ಬಳೆ ಅಂಗಡಿ, ಆಮೇಲೆ ಗಿರಣಿಯ ಕಟ್ಟೆ. ಹತ್ತು ನಿಮಿಷದ ದಾರಿಯ ಪೇಟೆ ಮುಟ್ಟುವಾಗ ಖಣ ಕೊಂಡು ನೂಲು ಕೊಡುವ ಸಾವಕಾರರು ಊಟಕ್ಕೆ ಹೋಗಿ, ಅಂಗಡಿಗೆ ಬೀಗ ಬಿದ್ದಿತ್ತು. ಒಯ್ದ ಖಣದ ಗಂಟು ಹಾಗೇ ಮನೆಗೆ ಬಂತು.

ರೋಹಿಣಿ ಹೊರಗೆ ಬಂದಾಗ ಅವಳ ಕೆನ್ನೆಯ ಮೇಲೆ ಚಾಪೆಯ ಗೆರೆ ಮೂಡಿತ್ತು. ಮಗ್ಗದ ಮೇಲೆ ಬಟ್ಟೆ ಬೆಳಿಗ್ಗೆ ಇದ್ದಷ್ಟೇ ಇತ್ತು.

"ನೂಲು ಸಿಗಲಿಲ್ಲ," ಎಂದ ಕಲ್ಲೇಶ, ಸಣ್ಣ ದನಿಯಲ್ಲಿ.

"ನೂಲು ನಾಳಿ ಸಿಗ್ತೈತಿ ಬಿಡ್ರಿ. ಮೂರು ತಾಸು ನಿದ್ದಿ ಇವತ್ತ ಸಿಕ್ತು," ಎಂದಳು ರೋಹಿಣಿ. ಎಣ್ಣೆಯ ಡಬ್ಬಿ ತಂದು ಎರಡೂ ಹಬ್ಬಿಗೆ ತಾನೇ ನಾಲ್ಕು ನಾಲ್ಕು ಹನಿ ಬಿಟ್ಟಳು. "ನಾಳಿ ಎಷ್ಟಕ್ಕ ಹೊಂಡ್ತೀರಿ?"