ಡಾಕ್ಟರ್ ಬಾಯಿಯ ಉಳ್ಳಾಗಡ್ಡಿ

"ಆ ದವಾಖಾನಿ ಸುದ್ದಿ ನನ್ನ ಅಂಗಳದಾಗ ತೆಗೀಬ್ಯಾಡ!" ಕಾಂಚನಾ ಥೂ ಎಂದು ಉಗಿದಳು.

ವನಿತಾ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮದುವೆಯಾಗಿ ಎರಡು ವರ್ಷ, ಇನ್ನೂ ಮಕ್ಕಳಿಲ್ಲ. ಮುಟ್ಟು ನಿಲ್ಲುತ್ತಿಲ್ಲವೆಂದು ಗದಗಿಗೆ ಹೋದರೆ, ಅಲ್ಲಿಯ ಖಾಸಗಿ ಆಸ್ಪತ್ರೆಯವರು ಗರ್ಭಚೀಲವನ್ನೇ ತೆಗೆಸಿಬಿಡು ಎಂದಿದ್ದರು. ಕೂಸು ಬೇಕೆಂದು ಹಟ ಹಿಡಿದು ಎದ್ದವಳು ನೇರ ಲಕ್ಷ್ಮೇಶ್ವರದ ಹತ್ತಿರದ ಮಾಗಡಿಗೆ, ಕಾಂಚನಾಳ ಈ ಹೊಲಕ್ಕೆ ಬಂದಿದ್ದಳು.

ಬಾರದೆ ಇನ್ನೇನು? ಕಾಂಚನಾ ಅದೇ ಆಸ್ಪತ್ರೆಯಲ್ಲಿ ದೊಡ್ಡ ಡಾಕ್ಟರಾಗಿದ್ದವಳು. ತಿಂಗಳಿಗೆ ಇಷ್ಟು ಆಪರೇಷನ್ ಆಗಲೇಬೇಕೆಂಬ ಮಾಲೀಕರ ಕಾಟಕ್ಕೆ ರೋಸಿ, ಹೇಸಿ, ಕೆಲಸಕ್ಕೆ ಕೈಮುಗಿದು ಬಿಟ್ಟು ಬಂದವಳು. ಈಗ ಕೆರೆಯ ಪಕ್ಕ ತುಂಡು ಹೊಲ, ಒಂದು ಎಮ್ಮೆ, ಉಳ್ಳಾಗಡ್ಡಿ ಬೆಳೆ. ಊರ ಹೆಂಗಸರು ಅವಳನ್ನು ಡಾಕ್ಟರ್ ಬಾಯಿ ಎಂದು ಕರೆಯುತ್ತ, ಮನೆಯಲ್ಲಿ ಹೇಳಲಾಗದ್ದನ್ನೆಲ್ಲ ಅವಳ ಕಟ್ಟೆಯ ಮೇಲೆ ಕೂತು ಹೇಳಿಕೊಳ್ಳುತ್ತಿದ್ದರು. ಯಾರಿಂದಲೂ ಅವಳು ಪೈಸೆ ಮುಟ್ಟುತ್ತಿರಲಿಲ್ಲ.

"ಕಟುಕರದಾರ ಅವರು. ಅದಕ್ಕ ಬಿಟ್ಟು ಬಂದೆ. ಇಲ್ಲಿ ಜೀವ ತಣ್ಣಗೈತಿ."

"ನನಗೊಂದು ಕೂಸು ಆಗ್ತೈತೇನ್ರಿ, ಬಾಯಾರ?"

"ಹೆದರಬ್ಯಾಡ ತಂಗಿ. ಲಕ್ಷ್ಮೇಶ್ವರದಾಗ ನನ್ನ ಗುರುತಿನವರ ಸಣ್ಣ ದವಾಖಾನಿ ಐತಿ. ತೋರಿಸ್ಕೊಂಡು ಬಾ. ನಾಳಿ ಗಾಡಿ ಹೊಂಟೈತಿ, ಅದರಾಗ ಹತ್ತು."

ವನಿತಾ ಕಾಲಿಗೆ ಬಿದ್ದಳು. ಕಾಂಚನಾ ಅವಳನ್ನು ಎಬ್ಬಿಸಿ, ಅಕ್ಕಿ ಕಾಯಿ ಹಾಕಿ ಉಡಿ ತುಂಬಿ ಕಳಿಸಿದಳು.

ಆಮೇಲೆ ಫೋನ್ ಹಚ್ಚಿದಳು. "ನಾಳಿ ಒಂದು ಚೀಲ ಕಳಸ್ತೀನಿ. ಹೋದ ಸಲದಂಗ ರೇಟಿಗೆ ಜಗ್ಗಾಡಬ್ಯಾಡ್ರಿ."

ಪಕ್ಕದ ಹೊಲದಲ್ಲಿ ಕಳೆ ಕೀಳುತ್ತಿದ್ದ ಫಕ್ಕೀರವ್ವನಿಗೆ ಆ ಮಾತು ಕೇಳಿ ಮೈ ಉರಿಯಿತು. ದೇವರಂಥ ಹೆಂಗಸಿನ ಮಾಲಿಗೂ ಚೌಕಾಶಿಯೇ! ಉಳ್ಳಾಗಡ್ಡಿ ದಲಾಲರ ಹೇಸಿ ಬುದ್ಧಿಯನ್ನು ಅವಳು ಮನಸಾರೆ ಬೈದಳು.

ಬೆಳಿಗ್ಗೆ ಟಂಟಂ ಗಾಡಿ ಬಂತು. ವನಿತಾ ಮದುವೆಯ ಸೀರೆಯುಟ್ಟು ಹಿಂದಿನ ಸೀಟಿನಲ್ಲಿ ಕುಳಿತಳು. ಕೆಲಸಕ್ಕೆ ಹೊಸಬನಾದ ಡ್ರೈವರ್ ಇಲಿಯಾಸ ಅಂಗಳವನ್ನೆಲ್ಲ ಒಮ್ಮೆ ನೋಡಿದ.

"ಬಾಯಾರ, ಒಂದು ಚೀಲ ಐತಿ, ತಗೊಂಡು ಬಾ ಅಂದಾರ ದವಾಖಾನಿಯವರು. ಎಲ್ಲೈತ್ರಿ?"

ಕಾಂಚನಾ ಅವನ ಹತ್ತಿರ ಬಂದು ದನಿ ತಗ್ಗಿಸಿದಳು.

"ಹಿಂದ ಕುಂತೈತಿ. ಜಲ್ದಿ ಹೊಡಿ ಗಾಡಿ."