ಕಪ್ಪು ಗೆರೆಯ ಚೀಟಿ

“ಅಯ್ಯಾರ, ಈ ಎರಡೂ ಚೀಟಿ ಒಂದ ಅದಾವೇನ್ರಿ?” ಎಂದು ರೋಷನಬಿ ಕೇಳುವ ಹೊತ್ತಿಗೆ ತೊಂಬತ್ತು ಶಾಲುಗಳಿಗೆ ಚೀಟಿ ಕಟ್ಟಿ ಆಗಿತ್ತು.

ಎಂಬತ್ತೇಳನೇ ಇಸವಿ. ಇಳಕಲ್ಲಿನ ನೇಕಾರರ ಸಂಘವೊಂದರ ಉಗ್ರಾಣದಲ್ಲಿ ರಾಚಯ್ಯ ಇಪ್ಪತ್ತೆರಡು ವರ್ಷಗಳಿಂದ ಸ್ಟೋರ್‌ಕೀಪರ್. ರೋಷನಬಿ ಬಟ್ಟೆ ಮಡಿಸಿ ಗಂಟು ಕಟ್ಟುವವಳು. ಮುಂಬಯಿಯ ವ್ಯಾಪಾರಿಯೊಬ್ಬರ ಮೂಲಕ ಸಂಘಕ್ಕೆ ಮೊದಲ ಸಲ ಪರದೇಶದ ಆರ್ಡರ್ ಬಂದಿತ್ತು: ನೂರೈವತ್ತು ರೇಷ್ಮೆ ಶಾಲು, ನೂರೈವತ್ತು ಚಮಕಾ, ಅಂದರೆ ನಕಲಿ ರೇಷ್ಮೆಯವು. ಎರಡಕ್ಕೂ ಒಂದೇ ದಾಳಿಂಬೆ ಬಣ್ಣ, ಒಂದೇ ಅಂಚು. ಅವುಗಳಿಗೆ ಕಟ್ಟಲೆಂದು ದಪ್ಪ ಕಾಗದದ ಚೀಟಿಗಳ ಎರಡು ಪೊಟ್ಟಣ ಬಂದಿದ್ದವು. ಚೀಟಿಯ ಮೇಲೆ ಹೆಸರಿಲ್ಲ, ಊರಿಲ್ಲ. ದಪ್ಪ, ಸಣ್ಣ ಕಪ್ಪು ಗೆರೆಗಳು, ಕೆಳಗೆ ಒಂದಿಷ್ಟು ಅಂಕಿ. ಕಂಪನಿಯ ಗುರುತಿರಬೇಕೆಂದುಕೊಂಡ ರಾಚಯ್ಯ ಎರಡೂ ಪೊಟ್ಟಣ ಹರಿದು ಒಂದೇ ಬುಟ್ಟಿಗೆ ಸುರಿದಿದ್ದ. ಪೊಟ್ಟಣಗಳ ಮೇಲೆ ಅಂಟಿಸಿದ್ದ ಇಂಗ್ಲಿಷ್ ಬರಹ ಕಸದ ಜೊತೆ ಒಲೆ ಸೇರಿತ್ತು.

ರೋಷನಬಿ ಎರಡು ಚೀಟಿಗಳನ್ನು ಅಕ್ಕಪಕ್ಕ ಹಿಡಿದಳು. “ಬಲಕ್ಕ ನೋಡ್ರಿ. ಇದರಾಗ ದಪ್ಪ ಎಳಿ ಆದ ಮ್ಯಾಲೆ ಸಣ್ಣ ಎಳಿ ಬಂದೈತಿ. ಇದರಾಗ ಎರಡೂ ಸಣ್ಣವ.”

ಗೆರೆಗಳನ್ನು ಅವಳು ನೂಲಿನ ಎಳೆಗಳಂತೆಯೇ ಎಣಿಸಿದ್ದಳು. ರಾಚಯ್ಯ ಮೂಗಿಗೆ ಚಾಳೀಸು ಏರಿಸಿ ಕೆಳಗಿನ ಅಂಕಿಗಳನ್ನು ಓದಿದ. ಎಲ್ಲವೂ ಒಂದೇ; ಕೊನೆಯ ಎರಡು ಅಂಕಿ ಮಾತ್ರ ಬೇರೆ, ತುದಿಯದು ಒಂದರಲ್ಲಿ ಎರಡು, ಇನ್ನೊಂದರಲ್ಲಿ ಒಂಬತ್ತು. ಅವನು ಬುಟ್ಟಿಯತ್ತ ನೋಡಿದ.

“ಹಂಗಾರ ಇದರಾಗ ರೇಷ್ಮಿದು ಯಾವುದು?”

“ನನಗೇನ ಗೊತ್ರಿ? ನೀವ ಹೇಳಬೇಕು.”

ಆರ್ಡರಿನ ಜೊತೆ ಬಂದ ಇಂಗ್ಲಿಷ್ ಪತ್ರ ಓದಿದ್ದ ಸಂಘದ ಕಾರ್ಯದರ್ಶಿ ಹೊಳಬಸಪ್ಪ ಬೆಳಗಿನ ಬಸ್ಸಿಗೇ ಬಾಗಲಕೋಟೆಗೆ ಮೀಟಿಂಗಿಗೆ ಹೋಗಿದ್ದ. ನಾಲ್ಕು ಗಂಟೆಗೆ ಹುಬ್ಬಳ್ಳಿಯ ಲಾರಿ ಬರುವುದಿತ್ತು. ಮಾಲು ತಪ್ಪಿ ಹೋದರೆ ಇನ್ನೊಂದು ಆರ್ಡರ್ ಬರುವುದಿಲ್ಲ. ಈ ಕೆಲಸಕ್ಕೆಂದೇ ಹೂಡಿದ ಹನ್ನೆರಡು ಮಗ್ಗಗಳು ಸುಮ್ಮನೆ ನಿಲ್ಲುತ್ತವೆ. ರಾಚಯ್ಯ ಸಂಘದ ಆಫೀಸಿಗೆ ಓಡಿಹೋಗಿ ಮುಂಬಯಿಯ ವ್ಯಾಪಾರಿಗೆ ಟ್ರಂಕ್ ಕಾಲ್ ಬುಕ್ ಮಾಡಿದ. ಅದು ಸಿಗುವವರೆಗೆ ಇಬ್ಬರೂ ಕೂತು ಚೀಟಿಗಳನ್ನು ಎರಡು ಗುಂಪು ಮಾಡಿದರು. ಗುಂಪೇನೋ ಆಯಿತು. ಆದರೆ ಯಾವ ಗುಂಪು ಯಾವ ಬಟ್ಟೆಗೆ ಎಂಬುದು ಎಷ್ಟು ತಿರುವಿ ನೋಡಿದರೂ ಹೊಳೆಯಲಿಲ್ಲ.

ಮಧ್ಯಾಹ್ನ ಒಂದೂವರೆಗೆ ಲೈನು ಸಿಕ್ಕಿತು. ತನ್ನ ಹಿಂದಿ ಸಾಲದೆಂದು ರಾಚಯ್ಯ ಫೋನನ್ನು ರೋಷನಬಿಯ ಕೈಗೆ ಕೊಟ್ಟ. ಅವಳು ಕೇಳಿಸಿಕೊಳ್ಳುತ್ತ ಹೇಳತೊಡಗಿದಳು: “ಎರಡರದು ರೇಷ್ಮಿ, ಒಂಬತ್ತರದು ಚಮಕಾ ಅಂತ್ರಿ. ಅಲ್ಲಿ ಅಂಗಡ್ಯಾಗ ಬಟ್ಟಿ ಯಾರೂ ಮುಟ್ಟಿ ನೋಡಂಗಿಲ್ಲಂತ. ಮಷಿನ್ ಗೆರಿ ಮ್ಯಾಲೆ ಬೆಳಕ ಬಿಡತೈತಂತ. ಏನ ಹೋತು, ಉಗ್ರಾಣದಾಗ ಎಷ್ಟ ಉಳೀತು, ಎಲ್ಲಾ ಅದ ಹೇಳತೈತಂತ.”

“ಚಮಕಾಕ್ಕ ರೇಷ್ಮಿ ಚೀಟಿ ಬಿದ್ರ ಏನಾಗತೈತಿ, ಕೇಳು.”

ಅವಳು ಕೇಳಿದಳು. “ಹಂಗಾರ ಅದು ರೇಷ್ಮಿನ ಅಂತ್ರಿ.”

“ಅಲ್ಲವಾ, ಚಮಕಾ ಹ್ಯಾಂಗ ರೇಷ್ಮಿ ಆಗತೈತಿ?”

ಅಷ್ಟರಲ್ಲಿ ಟ್ರಂಕ್ ಕಾಲಿನ ಮೂರು ನಿಮಿಷ ಮುಗಿದು ಲೈನು ಕಡಿಯಿತು.

ತೊಂಬತ್ತು ಚೀಟಿಗಳ ದಾರ ಕತ್ತರಿಸಿ ಮತ್ತೆ ಮೊದಲಿನಿಂದ ಶುರುವಾಯಿತು. ರಾಚಯ್ಯ ಶಾಲಿನ ಅಂಚನ್ನು ಬೆರಳಲ್ಲಿ ತಿಕ್ಕಿ “ರೇಷ್ಮಿ”, “ಚಮಕಾ” ಎನ್ನುತ್ತಿದ್ದ, ರೋಷನಬಿ ಕಟ್ಟುತ್ತಿದ್ದಳು. ಹೊರಗೆ ಲಾರಿ ಬಂದು ನಿಂತಾಗ ಒಂದು ರೇಷ್ಮೆ ಶಾಲು ಮಾತ್ರ ಉಳಿದಿತ್ತು. ಅದರ ಚೀಟಿ ಸಿಕ್ಕಿತು, ಆದರೆ ದಾರದ ಜೊತೆ ಕತ್ತರಿ ಗೆರೆಗಳ ಮೇಲೂ ಹಾದುಹೋಗಿತ್ತು. ರಾಚಯ್ಯ ಅಂಟು ಹಚ್ಚಿ ಎರಡು ತುಂಡುಗಳನ್ನು ಕೂಡಿಸಿದ. ಗೆರೆಗೆ ಗೆರೆ ಸೇರಲಿಲ್ಲ. ಮಷಿನ್ನಿಗೆ ಅದು ಏನೆಂದು ಕಂಡೀತು, ಯಾರನ್ನು ಕೇಳುವುದು? ಬುಟ್ಟಿಯಲ್ಲಿ ಹೆಚ್ಚಿಗೆ ಬಂದಿದ್ದ ಎರಡು ಚೀಟಿಗಳೂ ಒಂಬತ್ತರವೇ.

ಲಾರಿಯ ಡ್ರೈವರ್ ಗಾಳೆಪ್ಪ ಬಾಗಿಲಿಗೆ ಬಂದ. “ಮುನ್ನೂರು ಅಂತ ಬರದಾರ್ರಿ, ಮುನ್ನೂರ ಬೇಕು. ಚೀಟಿ ಇಲ್ಲದ್ದು ತಗೋಬ್ಯಾಡ ಅಂದಾರ. ಲಗೂ ಮಾಡ್ರಿ.”

“ಒಂಬತ್ತರದ ಕಟ್ಟು, ತಂಗಿ,” ಎಂದ ರಾಚಯ್ಯ.

ರೋಷನಬಿ ಕಟ್ಟಲಿಲ್ಲ. “ಇದು ಪದ್ಮವ್ವ ನೇದದ್ರಿ. ಖರೆ ರೇಷ್ಮಿ.”

“ನನಗ ಗೊತ್ತಿಲ್ಲೇನು? ಚಮಕಾನ್ನ ರೇಷ್ಮಿ ಅಂದ್ರ ಮೋಸ. ರೇಷ್ಮಿನ್ನ ಚಮಕಾ ಅಂದ್ರ ಅದು ಯಾರಿಗೆ ಮೋಸ, ನೀನ ಹೇಳು.”

ರೋಷನಬಿ ಶಾಲನ್ನು ಅವನ ಮುಂದೆ ಸರಿಸಿದಳು. ಗಾಳೆಪ್ಪ ಹೋಗಿ ಹಾರ್ನ್ ಹೊಡೆದ. ರಾಚಯ್ಯನೇ ದಾರ ಪೋಣಿಸಿ ಒಂಬತ್ತರ ಚೀಟಿ ಕಟ್ಟಿದ. ಆ ಶಾಲನ್ನು ಯಾವ ಗಂಟಿನಲ್ಲಿ ಇಡಬೇಕೆಂದು ಒಂದು ಕ್ಷಣ ನಿಂತ. ಆಮೇಲೆ ಚಮಕಾದ ಗಂಟಿನಲ್ಲಿಟ್ಟ.

ಲಾರಿ ಹೋದ ಮೇಲೆ ರೋಷನಬಿ ನೆಲದ ಮೇಲಿನ ದಾರದ ಚೂರು ಗುಡಿಸುತ್ತ ಕೇಳಿದಳು: “ಅದನ್ನ ಹೊದ್ದಾಕಿಗೆ ಗೊತ್ತಾಗತೈತೇನ್ರಿ, ರೇಷ್ಮಿ ಅಂತ?”

ರಾಚಯ್ಯ ಚಾಳೀಸು ತೆಗೆದು ಕಣ್ಣೊರೆಸಿಕೊಂಡ.

“ಕೈಗೆ ಗೊತ್ತಾಗದ ಇರತೈತೇನು? ಆದ್ರ ಆಕಿ ಕೈ ಮಾತ ಕೇಳತಾಳೋ, ಚೀಟಿ ಮಾತ ಕೇಳತಾಳೋ, ಅದ ತಿಳೀವಲ್ದು.”